ಟ್ರಯಲ್ ಪಾಸಾದರೆ ಮುಂದೇನು ಅಂತ ಮೊದಲೇ ಹೇಳಿ

ಸೇನೆಗಳಿಗೆ ಗಾಡಿ, ವಿಮಾನ, ಡ್ರೋನ್ ಕೊಳ್ಳುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಯಾವ ದೇಶದ ಸೇನೆಯವರೇ ಆಗಿರಿ, ಈಗ ನಿಮ್ಮ ಮೇಜಿನ ಮೇಲೆ ಹೆಚ್ಚುಕಮ್ಮಿ ಒಂದೇ ಥರದ ಫೈಲುಗಳು ಇರುತ್ತವೆ. ಸಾಮಾನು ಹೊರುವ ಡ್ರೋನ್, ಡ್ರೈವರ್ ಇಲ್ಲದೆ ಓಡುವ ಲಾರಿ, ಬ್ಯಾಟರಿ ಗಾಡಿ, ರನ್‌ವೇ ಇಲ್ಲದೆ ನೇರ ಮೇಲೇಳುವ ಎಲೆಕ್ಟ್ರಿಕ್ ವಿಮಾನ. ಇವು ಬೆಳೆಯುತ್ತಿರುವುದು ಬಹುಪಾಲು ಖಾಸಗಿ ಕಂಪನಿಗಳಲ್ಲಿ. ಅಲ್ಲಿನ ದುಡ್ಡು, ಅಲ್ಲಿನ ಎಂಜಿನಿಯರುಗಳು, ಅಲ್ಲಿನ ಗ್ರಾಹಕರು ಸೇನೆಗಿಂತ ಮುಂದೆ ಹೋಗಿಬಿಟ್ಟಿದ್ದಾರೆ. ಅದು ನಿಮಗೂ ಗೊತ್ತು. ಅದಕ್ಕೇ ಕಂಪನಿಗಳನ್ನು ಕರೆಯುತ್ತೀರಿ, ಮಾತಾಡುತ್ತೀರಿ, ಮೈದಾನದಲ್ಲಿ ಡೆಮೊ ಇಡುತ್ತೀರಿ.

ಅದರಲ್ಲಿ ತಪ್ಪೇನಿಲ್ಲ. ನನ್ನ ತಕರಾರು ಆಮೇಲಿನದ್ದು. ಡೆಮೊ ಚೆನ್ನಾಗಿ ಆಯ್ತು, ಟ್ರಯಲ್‌ನಲ್ಲಿ ಗಾಡಿ ಪಾಸೂ ಆಯ್ತು, ಅಧಿಕಾರಿಗಳು ಬೆನ್ನು ತಟ್ಟಿದರು. ಮುಂದೆ? ಹೆಚ್ಚಿನ ಸಲ ಮುಂದೆ ಇನ್ನೊಂದು ಟ್ರಯಲ್. ಅದಾದ ಮೇಲೆ ಹೊಸ ಅಧಿಕಾರಿ, ಹೊಸ ಬಜೆಟ್, ಹೊಸ ಸಮಿತಿ. ಅಷ್ಟರಲ್ಲಿ ಆ ಚಿಕ್ಕ ಕಂಪನಿಯ ದುಡ್ಡು ಮುಗಿದಿರುತ್ತದೆ, ಇಲ್ಲವೇ ಅದು ಸೇನೆಯ ಸಹವಾಸವೇ ಬೇಡ ಅಂತ ಊರೊಳಗಿನ ಪಾರ್ಸೆಲ್ ಸಾಗಿಸುವ ಕೆಲಸಕ್ಕೆ ಇಳಿದಿರುತ್ತದೆ.

ನಾನು ಕೇಳುವುದು ಒಂದೇ. ಟ್ರಯಲ್ ಶುರುವಾಗುವ ಮೊದಲೇ, ಪಾಸಾದರೆ ಏನು ಕೊಳ್ಳುತ್ತೀರಿ, ಎಷ್ಟು ಕೊಳ್ಳುತ್ತೀರಿ, ಯಾವಾಗ ಕೊಳ್ಳುತ್ತೀರಿ ಅಂತ ಬರೆದು ಕೊಡಿ. ಕೊಳ್ಳುವ ಮನಸ್ಸಿಲ್ಲದಿದ್ದರೆ ಅದನ್ನೂ ಬರೆದು ಕೊಡಿ.

ಇದು ಆಗದ ಮಾತು ಅನ್ನಬೇಡಿ. ನೂರು ವರ್ಷಕ್ಕೂ ಹಿಂದೆ ಆಗಿದೆ. 1903ರಲ್ಲಿ ಅಮೆರಿಕದ ಯುದ್ಧ ಇಲಾಖೆಯಿಂದ 50,000 ಡಾಲರ್ ಪಡೆದು ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಕಟ್ಟಿದ ವಿಮಾನ ಹಾರದೆ ನದಿಗೆ ಬಿತ್ತು. ಪತ್ರಿಕೆಗಳು, ಸಂಸದರು ಸೇನೆಯನ್ನು ಸುಮ್ಮನೆ ಬಿಡಲಿಲ್ಲ. ಅದಾದ ಒಂಬತ್ತೇ ದಿನಕ್ಕೆ ರೈಟ್ ಸಹೋದರರು ಹಾರಿದರು. ಆದರೆ ಒಮ್ಮೆ ಕೈ ಸುಟ್ಟುಕೊಂಡಿದ್ದ ಸೇನೆಗೆ ಧೈರ್ಯ ಬರಲಿಲ್ಲ. 1905ರಲ್ಲಿ ಆ ಸಹೋದರರು ತಾವಾಗಿಯೇ ಪತ್ರ ಬರೆದರೂ ಯಾರೂ ಹೋಗಿ ನೋಡುವ ಗೋಜಿಗೆ ಹೋಗಲಿಲ್ಲ.

ಆಮೇಲೆ ಅದೇ ಸೇನೆ ಎಷ್ಟು ಚೆನ್ನಾಗಿ ಸರಿಪಡಿಸಿಕೊಂಡಿತು ನೋಡಿ. 1907ರ ಡಿಸೆಂಬರ್ 23ರಂದು ಅದರ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್ ವಿಮಾನಕ್ಕಾಗಿ ಒಂದು ಟೆಂಡರ್ ಕರೆಯಿತು. 486ನೇ ನಂಬರಿನ ಆ ಕಾಗದವನ್ನು ಖರೀದಿ ವಿಭಾಗದ ಪ್ರತಿಯೊಬ್ಬರೂ ಒಮ್ಮೆ ಓದಬೇಕು, ಜಾಸ್ತಿ ಹೊತ್ತು ಬೇಕಾಗಿಲ್ಲ. ಇಬ್ಬರನ್ನು ಹೊತ್ತು ಹಾರಬೇಕು, ಇಬ್ಬರ ತೂಕ ಸೇರಿ 350 ಪೌಂಡ್. 125 ಮೈಲಿಗೆ ಸಾಕಾಗುವಷ್ಟು ಇಂಧನ ಇರಬೇಕು. ಗಂಟೆಗೆ 40 ಮೈಲಿ ವೇಗ ಬೇಕು. ಒಂದು ಗಂಟೆ ಇಳಿಯದೆ ಹಾರಬೇಕು. ಬಿಚ್ಚಿ ಸೇನೆಯ ಗಾಡಿಗಳಿಗೆ ತುಂಬುವಂತಿರಬೇಕು, ಮತ್ತೆ ಸುಮಾರು ಒಂದು ಗಂಟೆಯಲ್ಲಿ ಜೋಡಿಸಿ ಹಾರಿಸುವಂತಿರಬೇಕು. ಬುದ್ಧಿ ಇರುವ ಯಾವ ಮನುಷ್ಯನೂ ತಕ್ಕಷ್ಟು ಸಮಯದಲ್ಲಿ ಕಲಿಯುವಷ್ಟು ಸರಳ ಇರಬೇಕು. ಎಂಜಿನ್ ಎಲ್ಲಿರಬೇಕು, ರೆಕ್ಕೆ ಯಾವ ಮರದ್ದು, ಬಟ್ಟೆ ಯಾವುದು ಅನ್ನುವ ತಂಟೆಗೇ ಹೋಗಿಲ್ಲ. ತಮಗೆ ಬೇಕಾದ ಕೆಲಸ ಏನು ಅಂತ ಹೇಳಿದರು, ಮಾಡುವ ದಾರಿಯನ್ನು ಮಾಡುವವರಿಗೆ ಬಿಟ್ಟರು.

ನನಗೆ ಅದಕ್ಕಿಂತ ಇಷ್ಟವಾದದ್ದು ದುಡ್ಡಿನ ಪಟ್ಟಿ. 40 ಮೈಲಿ ವೇಗ ಬಂದರೆ ಒಪ್ಪಿದ ಬೆಲೆ ಪೂರ್ತಿ. 39 ಬಂದರೆ ನೂರಕ್ಕೆ 90, 38 ಬಂದರೆ 80. 36ಕ್ಕಿಂತ ಕೆಳಗೆ ಬಂದರೆ ವಿಮಾನ ವಾಪಸ್. 41 ಬಂದರೆ ನೂರಕ್ಕೆ 110. ಹೀಗೆ ಮೇಲಕ್ಕೂ ಏರುತ್ತದೆ, ಕೆಳಕ್ಕೂ ಇಳಿಯುತ್ತದೆ. ಎಲ್ಲ ಮೊದಲೇ ಅಚ್ಚಾಗಿದೆ. ಸಮಿತಿ ಆಮೇಲೆ ಕೂತು ಯೋಚಿಸುವುದಕ್ಕೆ ಏನೂ ಉಳಿದಿಲ್ಲ. 41 ಮಂದಿ ಟೆಂಡರ್ ಹಾಕಿದರು, ಕೊನೆಗೆ ಹಾರಿಸಿ ತೋರಿಸಿದ್ದು ರೈಟ್ ಸಹೋದರರು ಮಾತ್ರ. ಮಧ್ಯೆ ಒಂದು ದೊಡ್ಡ ಅನಾಹುತವೂ ಆಯಿತು. 1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮೈಯರ್‌ನಲ್ಲಿ ಟ್ರಯಲ್ ಸಮಯದಲ್ಲೇ ವಿಮಾನ ಬಿದ್ದು ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜ್ ಸತ್ತರು, ಆರ್ವಿಲ್ ರೈಟ್‌ಗೆ ಮೂಳೆ ಮುರಿಯಿತು. ಆಗಲೂ ಸೇನೆ ಕರಾರು ಹರಿದು ಹಾಕಲಿಲ್ಲ, ಗಡುವು ಮುಂದೆ ಹಾಕಿತು. ಮರುವರ್ಷ ಜುಲೈನಲ್ಲಿ ವಿಮಾನ ಗಂಟೆಗೆ 42.5 ಮೈಲಿಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಹಾರಿತು. ಒಪ್ಪಿದ್ದು 25,000 ಡಾಲರ್, ಕೊಟ್ಟದ್ದು 30,000. ಹೆಚ್ಚಿಗೆ ಬಂದ ಎರಡು ಪೂರ್ತಿ ಮೈಲಿಗೆ 5,000. ಯಾರಿಗೂ ಅನ್ಯಾಯ ಆಗಲಿಲ್ಲ, ಯಾರೂ ಕಾದು ಸುಸ್ತಾಗಲಿಲ್ಲ.

ಅದೇ ಸೇನೆ ಆ ಟೆಂಡರ್ ಕರೆದ 33 ವರ್ಷದ ನಂತರ ಮಾಡಿದ್ದನ್ನೂ ಹೇಳಬೇಕು. ಯಾಕೆಂದರೆ ಇವತ್ತಿನ ಚಿಕ್ಕ ಕಂಪನಿಗಳ ಹೆದರಿಕೆ ಅದೇ.

1940ರ ಜುಲೈನಲ್ಲಿ ಅದಕ್ಕೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಒಂದು ಚಿಕ್ಕ, ಹಗುರ ಗಾಡಿ ಬೇಕಾಯಿತು. 135 ಕಂಪನಿಗಳಿಗೆ ಪತ್ರ ಹೋಯಿತು. ಮಾದರಿ ಗಾಡಿಗೆ 49 ದಿನದ ಗಡುವು. ಒಪ್ಪಿಕೊಂಡು ಗಡುವಿನೊಳಗೆ ಮಾಡಿಕೊಡುತ್ತೇವೆ ಅಂದದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಅನ್ನುವ, ಮುಳುಗುತ್ತಿದ್ದ ಒಂದು ಪುಟ್ಟ ಕಂಪನಿ. ಕಾರ್ಲ್ ಪ್ರೋಬ್ಸ್ಟ್ ಅನ್ನುವ ಎಂಜಿನಿಯರ್ ಕೆಲವೇ ದಿನದಲ್ಲಿ ನಕ್ಷೆ ಮುಗಿಸಿದರು. ಸೆಪ್ಟೆಂಬರ್ 23ರಂದು, ಗಡುವಿನ ದಿನವೇ, ಗಾಡಿ ಹೋಲಾಬರ್ಡ್ ಶಿಬಿರಕ್ಕೆ ಬಂತು. ಸೇನೆಯವರು ಅದನ್ನು ಕೆಸರಿನಲ್ಲಿ, ಹಳ್ಳದಲ್ಲಿ, ದಿಬ್ಬದ ಮೇಲೆ ಹೊಡೆದು ನೋಡಿದರು. ಚೆನ್ನಾಗಿದೆ ಅಂದರು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಯವರೂ ಬಂದು ನೋಡಿದರು. ಬ್ಯಾಂಟಮ್‌ನ ನಕ್ಷೆಗಳನ್ನು ಸೇನೆಯೇ ಅವರ ಕೈಗೆ ಕೊಟ್ಟಿತು.

ಅದೇ ಗಾಡಿ ಮುಂದೆ ಜೀಪ್ ಆಯಿತು. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಬ್ಯಾಂಟಮ್ ಮಾಡಿದ್ದು ಮೂರು ಸಾವಿರವೂ ಇಲ್ಲ. ಆಮೇಲೆ ಅದಕ್ಕೆ ಸಿಕ್ಕ ಕೆಲಸ ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಮಾಡುವುದು.

ಸೇನೆಯ ಕಡೆಯಿಂದಲೂ ಯೋಚಿಸೋಣ. ಯುದ್ಧ ಬಾಗಿಲಿಗೆ ಬಂದಿತ್ತು, ಲಕ್ಷಗಟ್ಟಲೆ ಗಾಡಿ ಬೇಕಿತ್ತು, ಬ್ಯಾಂಟಮ್ ಕೈಯಲ್ಲಿ ಅಷ್ಟು ಆಗುತ್ತಿರಲಿಲ್ಲ. ದೊಡ್ಡ ಕಾರ್ಖಾನೆಗಳಿಗೆ ಆರ್ಡರ್ ಕೊಟ್ಟದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಆದರೆ ಮೊದಲೇ ಹೇಳಬಹುದಿತ್ತಲ್ವಾ? ಮಾದರಿ ನೀನು ಮಾಡು, ಇಷ್ಟಕ್ಕಿಂತ ಹೆಚ್ಚು ಬೇಕಾದರೆ ಬೇರೆಯವರಿಂದಲೂ ಮಾಡಿಸುತ್ತೇವೆ, ಪ್ರತಿ ಗಾಡಿಗೂ ನಿನ್ನ ನಕ್ಷೆಗೆ ಇಷ್ಟು ಕೊಡುತ್ತೇವೆ ಅಂತ ಒಂದು ಸಾಲು. ಇವತ್ತು ಒಂದು ಡ್ರೋನ್ ಕಂಪನಿ ನಿಮ್ಮ ಮೈದಾನಕ್ಕೆ ಬರುವಾಗ ತನ್ನ ಒಳಗಿನ ಸಾಫ್ಟ್‌ವೇರ್ ತೋರಿಸಲು ಹಿಂದೇಟು ಹಾಕುತ್ತದಲ್ಲ, ಅದನ್ನು ಸೊಕ್ಕು ಅಂದುಕೊಳ್ಳಬೇಡಿ. ತನ್ನ ಕೆಲಸ ನಾಳೆ ಇನ್ನೊಬ್ಬರ ಪಾಲಾಗುತ್ತದೆ ಅನ್ನುವ ಭಯ ಅದು. ಆ ಭಯ ಹೋಗಲಾಡಿಸುವ ಕಾಗದ ಬರೆಯುವುದು ನಿಮ್ಮ ಕೈಯಲ್ಲಿದೆ.

ಇನ್ನು ಡ್ರೈವರ್ ಇಲ್ಲದ ಗಾಡಿಗಳ ವಿಷಯ. 2004ರ ಮಾರ್ಚ್ 13ರಂದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮೊಹಾವಿ ಮರುಭೂಮಿಯಲ್ಲಿ ಒಂದು ಪಂದ್ಯ ಇಟ್ಟಿತು. ತಾನಾಗಿಯೇ ಓಡುವ ಗಾಡಿ ತನ್ನಿ, ಮೊದಲು ಮುಟ್ಟಿದವರಿಗೆ 10 ಲಕ್ಷ ಡಾಲರ್. ದಾರಿ 142 ಮೈಲಿ. ಎಲ್ಲರಿಗಿಂತ ದೂರ ಹೋದ ಗಾಡಿ ಎಂಟು ಮೈಲಿಯನ್ನೂ ದಾಟಲಿಲ್ಲ. ಬಹುಮಾನ ಯಾರಿಗೂ ಸಿಗಲಿಲ್ಲ. ಡಾರ್ಪಾ ಹೆದರಲಿಲ್ಲ, ಬಹುಮಾನ ಎರಡು ಪಟ್ಟು ಮಾಡಿ ಮರುವರ್ಷ ಮತ್ತೆ ಕರೆಯಿತು. ಈ ಸಲ ಐದು ಗಾಡಿಗಳು ಗುರಿ ಮುಟ್ಟಿದವು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಏಳು ಗಂಟೆಯೊಳಗೆ 132 ಮೈಲಿ ಮುಗಿಸಿ ಗೆದ್ದಿತು. ಒಂದೂವರೆ ವರ್ಷದಲ್ಲಿ ಸೊನ್ನೆಯಿಂದ ಐದಕ್ಕೆ! ಹೊರಗಿನ ಜನರನ್ನು ಕರೆದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಗೆದ್ದ ಮೇಲೆ ಕೊಳ್ಳುವ ದಾರಿ ಇರಲಿಲ್ಲ. ಬಹುಮಾನ ಇತ್ತು, ಆರ್ಡರ್ ಇರಲಿಲ್ಲ. ಆ ಪಂದ್ಯಗಳಲ್ಲಿ ಬೆಳೆದ ಎಂಜಿನಿಯರುಗಳು 2009ರಲ್ಲಿ ಗೂಗಲ್ ಶುರು ಮಾಡಿದ ಯೋಜನೆ ಸೇರಿದರು. ಅದೇ ಮುಂದೆ ವೇಮೋ ಆಯಿತು. ಇವತ್ತು ಕೆಲವು ನಗರಗಳಲ್ಲಿ ಡ್ರೈವರ್ ಇಲ್ಲದ ಟ್ಯಾಕ್ಸಿ ಹತ್ತಿ ಜನ ಓಡಾಡುತ್ತಾರೆ. 2015ರ ಹೊತ್ತಿಗೆ ನೆಲದ ಮೇಲಿನ ಯುದ್ಧವಾಹನಗಳಲ್ಲಿ ಮೂರರಲ್ಲೊಂದು ಮನುಷ್ಯರಿಲ್ಲದೆ ಓಡಬೇಕು ಅನ್ನುವ ಗುರಿಯನ್ನು ಅಮೆರಿಕದ ಸಂಸತ್ತು ಕಾನೂನಿನಲ್ಲೇ ಬರೆದಿತ್ತು. 2015 ಬಂತು, ಹೋಯಿತು. ಗುರಿ ಹತ್ತಿರಕ್ಕೂ ಬರಲಿಲ್ಲ. ಊರಿನ ಬೀದಿ ಮತ್ತು ಯುದ್ಧದ ನೆಲ ಒಂದೇ ಅಲ್ಲ, ಒಪ್ಪುತ್ತೇನೆ. ನಕ್ಷೆ ಇಲ್ಲ, ರಸ್ತೆ ಇಲ್ಲ, ಜಿಪಿಎಸ್ ಜಾಮ್ ಆಗಿರುತ್ತದೆ. ಆದರೂ ಬೀಜ ಬಿತ್ತಿದವರ ಮನೆಗೆ ಬೆಳೆ ಬರಲಿಲ್ಲ ಅನ್ನುವುದು ನಿಜ.

ತಡವಾದರೆ ಏನು ಮಹಾ ನಷ್ಟ ಅಂತ ಕೇಳುವವರಿದ್ದಾರೆ. ನಷ್ಟದ ಲೆಕ್ಕ ಸೇನೆಯ ಬಳಿಯೇ ಇದೆ. 2009ರಲ್ಲಿ ಅಮೆರಿಕ ಸೇನೆಯ ಪರಿಸರ ನೀತಿ ಸಂಸ್ಥೆ ಒಂದು ವರದಿ ಕೊಟ್ಟಿತು. 2007ರಲ್ಲಿ ಅಫ್ಘಾನಿಸ್ತಾನದಲ್ಲಿ ಸರಾಸರಿ 24 ಇಂಧನ ಸಾಗಣೆ ಕಾನ್ವಾಯ್‌ಗಳಿಗೆ ಒಬ್ಬರು ಸತ್ತಿದ್ದಾರೆ ಇಲ್ಲವೇ ಗಾಯಗೊಂಡಿದ್ದಾರೆ. ಕಾದಾಡಲು ಹೋದವರಲ್ಲ ಅವರು. ಡೀಸೆಲ್ ತರಲು ಹೋದವರು. ಲಾರಿಯ ಸ್ಟೀರಿಂಗ್ ಹಿಂದೆ ಕೂತವರು, ಪಕ್ಕದಲ್ಲಿ ಬಂದೂಕು ಹಿಡಿದು ಕಾವಲು ಕೂತವರು. ಡ್ರೈವರ್ ಇಲ್ಲದ ಲಾರಿಯಾಗಲಿ, ಸಾಮಾನು ಹೊರುವ ಡ್ರೋನಾಗಲಿ, ಜನರೇಟರಿನ ಡೀಸೆಲ್ ಉಳಿಸುವ ಬ್ಯಾಟರಿಯಾಗಲಿ, ಇವೆಲ್ಲ ನಮಗೆ ಬೇಕಾಗಿರುವುದು ಆ ಸೀಟಿನಲ್ಲಿ ಕೂರುವವರ ಸಂಖ್ಯೆ ಕಡಿಮೆ ಮಾಡಲಿಕ್ಕೆ. ಫೈಲು ಒಂದು ವರ್ಷ ಕೂತರೆ ಆ ಸೀಟಿನಲ್ಲಿ ಒಂದು ವರ್ಷ ಮನುಷ್ಯರು ಕೂರುತ್ತಾರೆ. ದಯವಿಟ್ಟು ಇದನ್ನು ಫೈಲಿನ ಮೊದಲ ಪುಟದಲ್ಲೇ ಬರೆಯಿರಿ.

ಹಾಗಂತ ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಕೊಳ್ಳಿ ಅನ್ನುತ್ತಿಲ್ಲ. ಟ್ರಯಲ್ ಕಠಿಣವಾಗಿಯೇ ಇರಲಿ. ಈಗಿನ ಎಷ್ಟೋ ಡೆಮೊಗಳು ಕಠಿಣವಾಗಿಲ್ಲ ಅನ್ನುವುದೇ ನನ್ನ ದೂರು. ಒಂದು ಸಾಮಾನು ಹೊರುವ ಡ್ರೋನನ್ನೇ ತೆಗೆದುಕೊಳ್ಳಿ. ಬೆಚ್ಚಗಿನ ಬೆಳಿಗ್ಗೆ, ಸಮತಟ್ಟಾದ ಮೈದಾನದಲ್ಲಿ ಅದು ಆರಾಮಾಗಿ ಭಾರ ಎತ್ತುತ್ತದೆ. ಅದನ್ನೇ 5,000 ಮೀಟರ್ ಎತ್ತರಕ್ಕೆ ಒಯ್ಯಿರಿ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದಲ್ಲಿರುವುದರ ನೂರಕ್ಕೆ ಸುಮಾರು 60 ಮಾತ್ರ. ಅಷ್ಟೇ ಭಾರ ಎತ್ತಬೇಕಾದರೆ ಪ್ರೊಪೆಲ್ಲರ್ ಇನ್ನೂ ಜೋರಾಗಿ ತಿರುಗಬೇಕು, ಬ್ಯಾಟರಿ ಬೇಗ ಬರಿದಾಗುತ್ತದೆ. ಮೇಲಿಂದ ಚಳಿ. ಚಳಿಗೆ ಬ್ಯಾಟರಿಯ ಒಳಗಿನ ತಡೆ ಏರುತ್ತದೆ, ಭಾರ ಎತ್ತುವ ಗಳಿಗೆಯಲ್ಲಿ ವೋಲ್ಟೇಜ್ ದಿಢೀರ್ ಕುಸಿಯುತ್ತದೆ, ಚಾರ್ಜ್ ಇನ್ನೂ ಉಳಿದಿದ್ದರೂ ಡ್ರೋನ್ ಖಾಲಿಯಾಯಿತು ಅಂದುಕೊಂಡು ಅರ್ಧ ದಾರಿಯಲ್ಲೇ ಇಳಿದುಬಿಡಬಹುದು. ಸರಿ, ಚಾರ್ಜ್ ಮಾಡೋಣ ಅಂದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರೆ ಒಳಗೆ ಲಿಥಿಯಂ ಲೋಹದ ಪದರ ಕಟ್ಟಿ ಅದು ಹಾಳಾಗುತ್ತದೆ. ಮೊದಲು ಬಿಸಿ ಮಾಡಬೇಕು. ಬಿಸಿ ಮಾಡಲು ಕರೆಂಟು, ಕರೆಂಟಿಗೆ ಜನರೇಟರ್, ಜನರೇಟರಿಗೆ ಡೀಸೆಲ್. ಆ ಡೀಸೆಲ್ ಹೊತ್ತು ತರುವುದು ಮತ್ತೆ ಅದೇ ಟ್ಯಾಂಕರ್.

ಇದು ಆ ಕಂಪನಿಯ ಹುಡುಗರಿಗೆ ಗೊತ್ತಿರುವುದಿಲ್ಲ ಅಂತಲ್ಲ. ಅವರಿಗೆ ಅಲ್ಲಿಗೆ ಹೋಗಿ ನೋಡಲು ಅವಕಾಶವೇ ಇರುವುದಿಲ್ಲ. ಅಷ್ಟು ಎತ್ತರದ ಶಿಬಿರ, ಸಿಗ್ನಲ್ ಜಾಮ್ ಮಾಡಿ ನೋಡುವ ಜಾಗ, ಗುಂಡಿನ ಶಬ್ದದ ನಡುವೆ ಗಾಡಿ ಓಡಿಸುವ ಮೈದಾನ, ಇವೆಲ್ಲ ಇರುವುದು ನಿಮ್ಮ ಬಳಿ. ಒಂದು ಚಿಕ್ಕ ಕಂಪನಿಗೆ ನೀವು ಕೊಡಬಹುದಾದ ದೊಡ್ಡ ಸಹಾಯ ಅದೇ. ಅಮೆರಿಕದ ವಾಯುಪಡೆ 2020ರಲ್ಲಿ ಶುರು ಮಾಡಿದ ಅಜಿಲಿಟಿ ಪ್ರೈಮ್ ಯೋಜನೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಈ ಭಾಗ. ನೇರ ಮೇಲೇಳುವ ಎಲೆಕ್ಟ್ರಿಕ್ ವಿಮಾನ ಮಾಡುವ ಕಂಪನಿಗಳಿಗೆ ತನ್ನ ಪರೀಕ್ಷಾ ಜಾಗ, ಹಾರಾಟದ ಅನುಮತಿ, ಪರೀಕ್ಷೆಯ ಖರ್ಚು ಎಲ್ಲದರಲ್ಲೂ ಕೈಜೋಡಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಜೋಬಿ ಕಂಪನಿಯ ವಿಮಾನ ಎಡ್ವರ್ಡ್ಸ್ ವಾಯುನೆಲೆಗೆ ಬಂತು. ಪೇಟೆಗೆ ಇಳಿಯುವ ಮೊದಲೇ ಸೇನೆಯ ನೆಲದಲ್ಲಿ ಅದರ ಗುಣದೋಷ ನೋಡಲು ಸಾಧ್ಯವಾಯಿತು. ಇದು ಸರಿಯಾದ ಅರ್ಧ. ಉಳಿದ ಅರ್ಧ, ಅಂದರೆ ಪಾಸಾದರೆ ಎಷ್ಟು ವಿಮಾನ, ಯಾವಾಗ ಅನ್ನುವ ಮಾತು, ಕರೆಯುವಾಗಲೇ ಜೊತೆಗಿರಬೇಕು.

ಬಿಡಿಭಾಗಗಳ ನಿಯಮವೂ ಅಷ್ಟೇ, ಮೊದಲೇ ಬೇಕು. 2025ರ ಫೆಬ್ರವರಿಯಲ್ಲಿ ಭಾರತದಲ್ಲಿ 400 ಸಾಗಣೆ ಡ್ರೋನ್‌ಗಳ ಖರೀದಿ ಒಪ್ಪಂದಗಳು ರದ್ದಾದ ಸುದ್ದಿ ಬಂತು. ಒಳಗೆ ಚೀನಾದ ಭಾಗಗಳಿವೆ ಅನ್ನುವುದು ಕಾರಣ. ಭದ್ರತೆಯ ದೃಷ್ಟಿಯಿಂದ ಆ ಕಾಳಜಿ ಪೂರ್ತಿ ಸರಿ. ಶತ್ರು ಹೊರಗಿನಿಂದ ಹಿಡಿತಕ್ಕೆ ತೆಗೆದುಕೊಳ್ಳಬಹುದಾದ ಡ್ರೋನ್ ಯಾವ ಸೈನಿಕನಿಗೂ ಬೇಡ. ಆದರೆ ಪೇಟೆಯಲ್ಲಿ ಸಿಗುವ ಮೋಟಾರು, ಬ್ಯಾಟರಿ ಸೆಲ್, ರೇಡಿಯೊ, ಕ್ಯಾಮೆರಾ ಬಹುಪಾಲು ಎಲ್ಲಿಂದ ಬರುತ್ತವೆ ಅನ್ನುವುದು ಗುಟ್ಟಲ್ಲ. ಹಾಗಾಗಿ ಯಾವ ಭಾಗ ಎಲ್ಲಿಂದ ಬಂದರೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ, ಯಾರು ಬಿಚ್ಚಿ ಪರೀಕ್ಷಿಸುತ್ತಾರೆ ಅನ್ನುವುದು ಟೆಂಡರ್ ದಿನವೇ ಸ್ಪಷ್ಟವಾಗಿರಬೇಕು. ಬಿಚ್ಚಿ ನೋಡುವ ಕೆಲಸ ಟ್ರಯಲ್‌ನ ಭಾಗವಾಗಲಿ, ಸಹಿ ಬಿದ್ದ ಮೇಲಿನದ್ದಾಗದಿರಲಿ. ನಿಯಮ ಪಾಲಿಸಿ ದುಬಾರಿ ಭಾಗ ಹಾಕಿದವರು ಬೆಲೆಯಲ್ಲಿ ಸೋತು, ಪಾಲಿಸದವರು ಗೆದ್ದು, ಆಮೇಲೆ ಎಲ್ಲವೂ ರದ್ದಾದರೆ, ಪ್ರಾಮಾಣಿಕರಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಕಂಪನಿಗಳಿಗೂ ಒಂದು ಮಾತು, ಅವರೂ ಇದನ್ನು ಓದುತ್ತಿರಬಹುದು. ನಿಮ್ಮ ಗಾಡಿ ಪ್ರತಿ ರಾತ್ರಿ ನಿಮ್ಮ ಸರ್ವರ್‌ಗೆ ಮಾಹಿತಿ ಕಳಿಸುತ್ತದೆ, ಅಪ್‌ಡೇಟ್ ಇಲ್ಲದಿದ್ದರೆ ಸ್ಟಾರ್ಟ್ ಆಗುವುದಿಲ್ಲ, ಕಂಪನಿಯ ಲ್ಯಾಪ್‌ಟಾಪ್ ಇಲ್ಲದೆ ಬಾನೆಟ್ ಒಳಗಿನ ದೋಷ ಗೊತ್ತಾಗುವುದಿಲ್ಲ. ಊರೊಳಗಿನ ಗ್ರಾಹಕನಿಗೆ ಇದು ನಡೆಯಬಹುದು. ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಕೆಟ್ಟು ನಿಂತ ಗಾಡಿಯ ಪಕ್ಕದಲ್ಲಿರುವ ಮೆಕ್ಯಾನಿಕ್‌ಗೆ ಇದು ಜೀವದ ಪ್ರಶ್ನೆ. ಅಮೆರಿಕದ ರಕ್ಷಣಾ ಇಲಾಖೆ 2025ರ ಏಪ್ರಿಲ್ 30ರ ಆದೇಶದಲ್ಲಿ, ಸೇನೆ ತನ್ನ ಸಾಮಾನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಹಕ್ಕನ್ನು ಒಪ್ಪಂದಗಳಲ್ಲಿ ಸೇರಿಸಲು ಹೇಳಿತು. ಎಲ್ಲ ಸೇನೆಗಳೂ ಇದನ್ನು ಕೇಳಬೇಕು, ಕಂಪನಿಗಳು ಕೊಡಬೇಕು, ಅದಕ್ಕೆ ತಕ್ಕ ಬೆಲೆಯನ್ನೂ ಮೊದಲೇ ಹೇಳಬೇಕು. ಪೇಟೆಯ ಗಾಡಿಯನ್ನೇ ಆಧಾರವಾಗಿ ಇಟ್ಟುಕೊಂಡರೆ ಎಷ್ಟು ಅನುಕೂಲ ಅನ್ನುವುದನ್ನು ಅದೇ ದೇಶ ತೋರಿಸಿದೆ. 2020ರಲ್ಲಿ ಆಯ್ಕೆಯಾದ, ಒಂಬತ್ತು ಸೈನಿಕರು ಕೂರುವ ಜನರಲ್ ಮೋಟಾರ್ಸ್ ಗಾಡಿ ಶೆವ್ರೊಲೆ ಕೊಲೊರಾಡೊ ಪಿಕಪ್ ಮೇಲೆ ಕಟ್ಟಿದ್ದು. ಅದರ ಭಾಗಗಳಲ್ಲಿ ಬಹುಪಾಲು ಪೇಟೆಯಲ್ಲಿ ಸಿಗುವಂಥವೇ.

ಇಷ್ಟೆಲ್ಲ ಓದಿದ ಮೇಲೆ ನೀವು ಹೇಳಬಹುದಾದ ಉತ್ತರ ನನಗೆ ಗೊತ್ತು. ಇದು ಜನರ ದುಡ್ಡು, ಒಂದೇ ಕಂಪನಿಗೆ ಮೊದಲೇ ಮಾತು ಕೊಟ್ಟರೆ ಪಕ್ಷಪಾತ ಅನ್ನುತ್ತಾರೆ, ತನಿಖೆ ಬರುತ್ತದೆ. ನನಗೆ ಇದು ತಲೆಕೆಳಗಾಗಿ ಕಾಣುತ್ತದೆ. ಮಾತು ಕೊಡುವುದು ಕಂಪನಿಗಲ್ಲ, ಪಾಸಾಗುವ ಗಾಡಿಗೆ. ಅಳತೆ, ಬೆಲೆ, ಸಂಖ್ಯೆ ಮೂರೂ ಎಲ್ಲರ ಕಣ್ಣೆದುರು ಮೊದಲೇ ಅಚ್ಚಾಗಿದ್ದರೆ ಪಕ್ಷಪಾತ ಮಾಡುವ ಜಾಗವೇ ಕಡಿಮೆ. ಟ್ರಯಲ್ ಆದ ಮೇಲೆ ಬಾಗಿಲು ಹಾಕಿಕೊಂಡು ನಿರ್ಧಾರ ಮಾಡಿದಾಗಲೇ ಅನುಮಾನ ಹುಟ್ಟುವುದು. ಇನ್ನೊಂದು ಮಾತು, ಸಂಖ್ಯೆ ದೊಡ್ಡದೇ ಆಗಬೇಕಾಗಿಲ್ಲ. ಒಂದು ತುಕಡಿಗೆ ಸಾಲುವಷ್ಟು ಗಾಡಿ, ಒಂದು ಮುಂಚೂಣಿ ಶಿಬಿರಕ್ಕೆ ಸಾಲುವಷ್ಟು ಡ್ರೋನ್ ಸಾಕು. ಆ ತುಕಡಿ ಅದನ್ನು ನಿಜವಾದ ಕೆಲಸಕ್ಕೆ ಬಳಸಲಿ, ಮುರಿಯಲಿ, ಬೈಯಲಿ, ಕಂಪನಿ ತಿದ್ದಿ ಮತ್ತೆ ತರಲಿ. ಯುಕ್ರೇನ್‌ನಲ್ಲಿ ಇದು ಕಣ್ಣೆದುರೇ ನಡೆದಿದೆ. 2023ರಲ್ಲಿ ಅಲ್ಲಿನ ಸರ್ಕಾರ ಬ್ರೇವ್1 ಅನ್ನುವ ವೇದಿಕೆ ಮಾಡಿ ಚಿಕ್ಕ ತಯಾರಕರನ್ನೂ ಸೇನೆಯನ್ನೂ ಒಂದೆಡೆ ತಂದಿತು. ಮುಂಚೂಣಿಗೆ ಮದ್ದುಗುಂಡು, ನೀರು ಒಯ್ಯುವ, ಗಾಯಾಳುಗಳನ್ನು ಹಿಂದಕ್ಕೆ ತರುವ ಪುಟ್ಟ ನೆಲದ ರೋಬೊಗಳು ಹೀಗೆ ಬಳಸಿ, ಕೆಟ್ಟು, ತಿದ್ದಿಸಿಕೊಂಡೇ ಪಳಗಿದವು.

ಟ್ರಯಲ್ ವರದಿಗೆ ಸಹಿ ಹಾಕುವವರ ಪಟ್ಟಿಯಲ್ಲಿ ಆ ಗಾಡಿ ಓಡಿಸಿದ ಡ್ರೈವರ್ ಮತ್ತು ರಿಪೇರಿ ಮಾಡಿದ ಮೆಕ್ಯಾನಿಕ್ ಹೆಸರೂ ಇರಲಿ. ಅವರು ಬೇಡ ಅಂದರೆ ಬೇಡ, ಕಾರಣವನ್ನು ಕಂಪನಿಗೆ ಬರಹದಲ್ಲಿ ಕೊಡಿ, ತಿದ್ದಿಕೊಂಡು ಮತ್ತೆ ಬರಲು ದಿನಾಂಕ ಕೊಡಿ. ಅವರು ಬೇಕು ಅಂದರೆ, ಮೊದಲೇ ಬರೆದಿಟ್ಟ ಸಂಖ್ಯೆಯ ಆರ್ಡರ್ ಅದೇ ತಿಂಗಳು ಹೊರಡಲಿ. ನಿಮ್ಮ ಮುಂದಿನ ಟೆಂಡರ್ ಪ್ರಕಟಣೆಯಲ್ಲಿ ಈ ಎರಡು ಸಾಲು ಇರುತ್ತವಾ ಇಲ್ಲವಾ ಅಂತ ತಿಳಿಸಿ. ಇಲ್ಲ ಅನ್ನುವುದಾದರೆ ಯಾಕೆ ಇಲ್ಲ ಅನ್ನುವುದನ್ನೂ ಎಲ್ಲರೂ ಓದುವ ಹಾಗೆ ಬರೆಯಿರಿ.

ಇಂತಿ,
ನಿಮ್ಮ ಉತ್ತರಕ್ಕೆ ಕಾಯುವ ಒಬ್ಬ ನಾಗರಿಕ